ಪಟ್ಟಿಯಲ್ಲಿ ಇಲ್ಲದ ಒಂಬತ್ತು ಮಂದಿ

ಆಸ್ಪತ್ರೆಯ ಬಟ್ಟೆಗಂಟು ಬಿಚ್ಚುವಾಗ ಮೂಗು ಮುಚ್ಚಿಕೊಳ್ಳಬಾರದು. ಮುಚ್ಚಿಕೊಂಡರೆ ಒಂದು ಕೈ ಹೋಯಿತು. ಒಂದೇ ಕೈಯಲ್ಲಿ ಬಿಚ್ಚಿದರೆ ಒಳಗಿನ ಸೂಜಿ ಚುಚ್ಚುತ್ತದೆ. ಲಾಂಡ್ರಿಯಲ್ಲಿ ಅಮ್ಮ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು.

ಬೆಡ್‌ಶೀಟು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ. ಅವುಗಳ ಜೊತೆಗೆ ಮಲ, ಮೂತ್ರ, ಕೀವು, ಹೆಪ್ಪುಗಟ್ಟಿದ ರಕ್ತ. ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತು. ಒಮ್ಮೆ ಹೆರಿಗೆ ವಾರ್ಡಿನ ಗಂಟಿನಲ್ಲಿ ಒಂದು ಮಾಂಸದ ಮುದ್ದೆ. ಅದು ಏನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಮ್ಮ ಅದನ್ನು ಕಾಗದದಲ್ಲಿ ಸುತ್ತಿ, ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿ ಹೂತು ಬಂದಳು. ಕೈ ತೊಳೆದು ಮತ್ತೆ ಮೇಜಿನ ಮುಂದೆ ನಿಂತಳು. ಆ ಐದು ನಿಮಿಷಕ್ಕೂ ಮೇಸ್ತ್ರಿ ಗೊಣಗಿದ.

ನಾನು ಕಾಲೇಜು ಓದಿದವಳು. ಆದ್ದರಿಂದ ನನಗೆ ಚೀಟಿ ಕಟ್ಟುವ ಕೆಲಸ. ಯಾವ ಆಸ್ಪತ್ರೆ, ಯಾವ ವಾರ್ಡು ಎಂದು ದಪ್ಪ ಪೆನ್ನಿನಲ್ಲಿ ಬರೆದು ಗಂಟಿಗೆ ಕಟ್ಟುತ್ತೇನೆ. ನನ್ನ ಅಂಗೈ ಇನ್ನೂ ಅಂಗೈಯಂತಿದೆ. ಅಮ್ಮನ ಅಂಗೈಯಲ್ಲಿ ಗೆರೆಗಳಿಲ್ಲ, ಬ್ಲೀಚ್ ನೀರು ತಿಂದುಹಾಕಿದೆ. "ಕೈ ನೋಡಿ ಭವಿಷ್ಯ ಹೇಳೋನು ನನ್ನನ್ನ ನಂಬಿದ್ರೆ ಉಪವಾಸ ಬೀಳ್ತಾನೆ" ಎಂದು ಅವಳೇ ನಗುತ್ತಾಳೆ.

ಲಾಂಡ್ರಿಯ ಮೂವತ್ತು ಕೆಲಸಗಾರರಲ್ಲಿ ಒಂಬತ್ತು ಹೆಂಗಸರು ಒಂದೇ ಕ್ರೈಸ್ತ ದೇವಾಲಯದ ಸಭೆಗೆ ಸೇರಿದವರು. ಅಮ್ಮ, ನಾನು, ಇಸ್ತ್ರಿ ರೋಲರಿನ ಹತ್ತಿರ ನಿಲ್ಲುವುದರಿಂದ ಇಸ್ತ್ರಿ ಅಕ್ಕ ಎಂದೇ ಹೆಸರಾದವಳು, ಮತ್ತೆ ಆರು ಮಂದಿ. ಲಾಂಡ್ರಿಯ ಧಣಿಯೂ ಅದೇ ಸಭೆಯವರು. ಅವರು ಸಭೆಯ ಕಾರ್ಯದರ್ಶಿ. ಮೊದಲ ಬೆಂಚು ಅವರದು, ಬಾಗಿಲ ಪಕ್ಕದ ಬೆಂಚು ನಮ್ಮದು. "ನಮ್ಮವರು ಬೀದಿಗೆ ಬೀಳಬಾರದು ಅಂತ ಕೆಲಸ ಕೊಟ್ಟಿದ್ದೀನಿ" ಎಂದು ಅವರು ಎಲ್ಲರೆದುರೂ ಹೇಳುತ್ತಾರೆ. ಕೊಟ್ಟಿದ್ದು ನಿಜ. ನಾನು ಅದನ್ನು ಮರೆಯದಂತೆ ಅವರು ನೋಡಿಕೊಂಡಿದ್ದಾರೆ.

ಹದಿನೈದು ತಿಂಗಳ ಹಿಂದೆ ಧಣಿ ಹೊಸದೊಂದು ಆಸ್ಪತ್ರೆಯ ಕೆಲಸ ಹಿಡಿದರು. ಅದರ ಬಟ್ಟೆ ಶನಿವಾರ ಸಂಜೆ ಬರುತ್ತದೆ, ಭಾನುವಾರ ಮಧ್ಯಾಹ್ನಕ್ಕೆ ಮಡಿಸಿ ವಾಪಸು ಕೊಡಬೇಕು. ಗೋಡೆಯ ಹಲಗೆಗೆ ಒಂದು ಕಾಗದ ಅಂಟಿತು. ಎಲ್ಲರಿಗೂ ಭಾನುವಾರದ ಪಾಳಿ, ಬೆಳಿಗ್ಗೆ ಆರರಿಂದ ಎರಡು. ಕೆಳಗೆ ಧಣಿಯ ಸಹಿ. ಒಂದು ತಿಂಗಳ ಮಟ್ಟಿಗೆ ಅಂದರು. ದೇವಾಲಯದಲ್ಲಿ ಆರಾಧನೆ ಒಂಬತ್ತೂವರೆಗೆ ಶುರು, ಹನ್ನೊಂದೂವರೆಗೆ ಮುಗಿಯುತ್ತದೆ.

ಪ್ರತಿ ತಿಂಗಳ ಮೊದಲ ಭಾನುವಾರ ಪವಿತ್ರ ಭೋಜನ. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಅಮ್ಮ ಹದಿನಾಲ್ಕನೇ ವಯಸ್ಸಿನಿಂದ ಅದನ್ನು ತೆಗೆದುಕೊಂಡವಳು. ನನ್ನನ್ನು ಹೆತ್ತ ಹನ್ನೆರಡನೇ ದಿನ ಗೋಡೆ ಹಿಡಿದುಕೊಂಡು ಹೋಗಿ ತೆಗೆದುಕೊಂಡಳಂತೆ. ಅಪ್ಪ ಸತ್ತ ವಾರವೂ ಹೋದಳು. ಅವಳಿಗೆ ದೇವರ ಬಗ್ಗೆ ಹೆಚ್ಚು ಮಾತು ಬರುವುದಿಲ್ಲ. ಆ ಚೂರು ರೊಟ್ಟಿಯೇ ಅವಳ ಮಾತು.

ಹನ್ನೆರಡು ಪವಿತ್ರ ಭೋಜನ ತಪ್ಪಿಸಿದವರ ಹೆಸರು ಸದಸ್ಯರ ಪಟ್ಟಿಯಿಂದ ತೆಗೆಯಬೇಕು ಎಂದು ಸಭೆಯ ನಿಯಮ. ವರ್ಷ ತುಂಬಿದ ಮೇಲೆ ದೇವಾಲಯದ ಹಲಗೆಗೂ ಒಂದು ಕಾಗದ ಅಂಟಿತು. ಸತತ ಗೈರುಹಾಜರಾದ ಒಂಬತ್ತು ಮಂದಿಯನ್ನು ಕೈಬಿಡಲಾಗಿದೆ, ಇವರಿಗೆ ಪವಿತ್ರ ಭೋಜನವಿಲ್ಲ. ಕೆಳಗೆ ಕಾರ್ಯದರ್ಶಿಯ ಸಹಿ.

ಎರಡು ಹಲಗೆಯ ಮೇಲೂ ಒಂದೇ ಸಹಿ. ಒಂದೇ ಬಾಲ, ಒಂದೇ ಚುಕ್ಕೆ. ನಾನು ಅದನ್ನು ಎರಡು ಸಲ ಹೋಗಿ ನೋಡಿ ಬಂದೆ.

ಅಮ್ಮ ಪಾಸ್ಟರ್ ಮನೆಗೆ ಹೋದಳು. ಅವರು ಬಾಗಿಲಲ್ಲೇ ನಿಂತು, "ನಿಯಮ ನಾನು ಮಾಡಿದ್ದಲ್ಲಮ್ಮ. ಕಾರ್ಯದರ್ಶಿಗಳನ್ನ ಕೇಳಿ" ಎಂದರು. ಅಮ್ಮ ಲಾಂಡ್ರಿಯಲ್ಲಿ ಧಣಿಯನ್ನು ಕೇಳಿದಳು. ನಾನು ಪಕ್ಕದಲ್ಲಿದ್ದೆ.

"ಸಭೆಯ ವಿಷಯ ಲಾಂಡ್ರಿಯಲ್ಲಿ ಮಾತಾಡಬಾರದು" ಎಂದರು ಧಣಿ. "ದೇವಾಲಯಕ್ಕೆ ಬಂದು ಕೇಳು."

"ಭಾನುವಾರ ಬಿಡ್ತೀರಾ ಧಣಿ, ಬಂದು ಕೇಳ್ತೀನಿ."

"ಅದು ಲಾಂಡ್ರಿ ವಿಷಯ. ಮೇಸ್ತ್ರಿನ ಕೇಳು."

ಅಮ್ಮ ಮೇಸ್ತ್ರಿಯನ್ನೂ ಕೇಳಿದಳು. ಪಾಳಿಯ ಪಟ್ಟಿ ಧಣಿಯದು ಎಂದ. ಅವಳು ಹೋಗಿ ಉಳಿದ ಗಂಟುಗಳನ್ನು ಬಿಚ್ಚಿದಳು.

ಆಮೇಲೆ ಚುನಾವಣೆ ಬಂತು.

ನಮ್ಮವರಿಗೆ ಭಯವಿತ್ತು. ಆ ಭಯ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಪಕ್ಕದ ಬಡಾವಣೆಯ ಪ್ರಾರ್ಥನಾ ಮನೆಗೆ ಬೀಗ ಬಿದ್ದಿತ್ತು. ಅಲ್ಲಿನ ಪಾಸ್ಟರಿಗೆ ಅವರ ಮಕ್ಕಳ ಕಣ್ಣೆದುರೇ ಕಪಾಳಕ್ಕೆ ಹೊಡೆದಿದ್ದರು. ಮನೆಯಲ್ಲಿ ಹತ್ತು ಮಂದಿಗಿಂತ ಹೆಚ್ಚು ಸೇರಿ ಪ್ರಾರ್ಥಿಸಿದರೆ ಅನುಮತಿ ಬೇಕೆಂದು ಹೊಸ ಆಜ್ಞೆ. ನಾನು ಬಸ್ಸಿನಲ್ಲಿ ಬೈಬಲನ್ನು ದಿನಪತ್ರಿಕೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಹಾಡುವ ಮೊದಲು ಕಿಟಕಿ ಹಾಕುತ್ತಿದ್ದೆ. ನೆರೆಮನೆಯವರು ನಗುವುದು ಸ್ವಲ್ಪ ಕಡಿಮೆಯಾದರೂ ನಾನು ಲೆಕ್ಕ ಇಡುತ್ತಿದ್ದೆ.

ಧಣಿ ಒಂದು ಧಾರ್ಮಿಕ ಸ್ವಾತಂತ್ರ್ಯ ಸಮಿತಿ ಕಟ್ಟಿದರು. ಅವರೇ ಅಧ್ಯಕ್ಷರು. "ನಮ್ಮ ಓಟು ಚದುರಬಾರದು. ಮೂಟೆ ಕಟ್ಟಿ ಒಬ್ಬರಿಗೇ ಕೊಡಬೇಕು. ಆಗ ನಮ್ಮ ಮಾತಿಗೆ ತೂಕ" ಎಂದರು. ಬೀಗ ತೆಗೆಸುತ್ತೇನೆ ಎಂದ ಒಬ್ಬ ಅಭ್ಯರ್ಥಿಯನ್ನು ಹುಡುಕಿದರು. ಮತದಾರರ ಪಟ್ಟಿ ಹಿಡಿದುಕೊಂಡು ಲಾಂಡ್ರಿಯೊಳಗೇ ಬಂದರು. ಮೇಜಿನ ಆಚೆ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತು, ಒಬ್ಬೊಬ್ಬರ ಹೆಸರು ಕೂಗಿ, ಇದೆಯೋ ಇಲ್ಲವೋ ನೋಡಿದರು. ಒಂಬತ್ತೂ ಇದ್ದವು. ಅವರಿಗೆ ಸಂತೋಷವಾಯಿತು.

ಅವರು ಹೋದ ಮೇಲೆ ಇಸ್ತ್ರಿ ಅಕ್ಕ ರೋಲರಿನ ಮೇಲೆ ಬೆಡ್‌ಶೀಟು ಬಿಡುತ್ತಾ ಹೇಳಿದಳು: "ಅಂತೂ ಒಂದು ಪಟ್ಟಿಯಲ್ಲಾದ್ರೂ ಬದುಕಿದ್ದೀವಿ ಕಣ್ರೇ."

ಎರಡು ದಿನ ಕಳೆದು ಧಣಿ ನನ್ನನ್ನು ಆಫೀಸಿಗೆ ಕರೆದರು. ಅಲ್ಲಿ ತಣ್ಣನೆ ಗಾಳಿ. ಮೇಜಿನ ಮೇಲೆ ಹೂವಿನ ವಾಸನೆಯ ಒಂದು ಡಬ್ಬಿ. ನಾನು ಚಪ್ಪಲಿಯನ್ನು ಹೊರಗೆ ಬಿಟ್ಟು ಹೋದೆ. ಯಾರೂ ಬಿಡು ಅಂದಿರಲಿಲ್ಲ.

"ಅಭ್ಯರ್ಥಿಗೆ ಕೊಡೋಕೆ ಒಂದು ಮನವಿ ಬರಿ. ನಿನ್ನ ಭಾಷೆ ಚೆನ್ನಾಗಿದೆ. ಓದಿದರೆ ಕಣ್ಣಲ್ಲಿ ನೀರು ಬರಬೇಕು. ಅವರು ದೇವಾಲಯಕ್ಕೆ ಬರೋ ದಿನ ನೀನೇ ಓದಬೇಕು."

ನಾನು ನಾಲ್ಕು ದಿನ ಬರೆದೆ. ಒಂದೊಂದು ಪದವನ್ನೂ ಮುಟ್ಟಿ ನೋಡಿ ಇಟ್ಟೆ. ಬೀಗ ಹಾಕಿದ ಪ್ರಾರ್ಥನಾ ಮನೆ ತೆರೆಸಬೇಕು. ಅನುಮತಿಯ ಆಜ್ಞೆ ರದ್ದಾಗಬೇಕು. ಹೊಡೆದವರಿಗೆ ಶಿಕ್ಷೆಯಾಗಬೇಕು. ಮೂರೂ ನನ್ನ ಹೊಟ್ಟೆಯೊಳಗಿಂದ ಬಂದವು. ನಾಲ್ಕನೆಯದನ್ನು ಎರಡು ಸಲ ಬರೆದು ಹೊಡೆದುಹಾಕಿದೆ. ಆದರೂ ಬರೆದೆ, ನನಗೆ ಬರುವ ಎಲ್ಲಕ್ಕಿಂತ ಮೆತ್ತನೆಯ ಮಾತಿನಲ್ಲಿ: ಆರಾಧನೆಯ ದಿನ, ಆರಾಧನೆಯ ಹೊತ್ತಿನಲ್ಲಿ, ಯಾವ ಕೆಲಸಗಾರರನ್ನೂ ಅವರ ಇಚ್ಛೆಗೆ ವಿರುದ್ಧವಾಗಿ ಕೆಲಸದಲ್ಲಿ ಹಿಡಿದಿಡದಂತೆ ದಯವಿಟ್ಟು ನೋಡಿಕೊಳ್ಳಬೇಕು.

ಧಣಿ ಓದಿದರು. ಮೊದಲ ಮೂರಕ್ಕೆ ತಲೆಯಾಡಿಸಿದರು. ನಾಲ್ಕನೆಯದಕ್ಕೆ ಬಂದಾಗ ಮುಖ ಬದಲಾಗಲಿಲ್ಲ. ಪೆನ್ನು ತೆಗೆದು, ಸ್ಕೇಲು ಇಟ್ಟು, ನೇರವಾಗಿ ಗೆರೆ ಎಳೆದರು.

"ಇದು ಧರ್ಮದ ವಿಷಯ ಅಲ್ಲಮ್ಮ. ಕೆಲಸದ ವಿಷಯ."

"ಆರಾಧನೆಗೆ ಹೋಗೋದು..."

"ನಿಮ್ಮನ್ನ ಯಾರಾದ್ರೂ ಕ್ರೈಸ್ತರು ಅಂತ ತಡೆದಿದ್ದಾರಾ? ಇಲ್ಲವಲ್ಲ. ಹಿಂಸೆ ಅಂದ್ರೆ ಹೊರಗಿನವರು ಮಾಡೋದು. ನಮ್ಮೊಳಗಿಂದು ಹೊಂದಾಣಿಕೆ. ಓದಿದವಳಿಗೆ ಇಷ್ಟು ತಿಳಿಯಲ್ವಾ?"

ಧಣಿ ದನಿ ಇಳಿಸಿದರು. "ಅವತ್ತಿನ ಸಭೆ ಚೆನ್ನಾಗಿ ನಡೀಲಿ. ನಿನ್ನ ಹೆಸರು, ನಿಮ್ಮಮ್ಮನ ಹೆಸರು ಪಟ್ಟಿಗೆ ವಾಪಸ್ ಸೇರಿಸ್ತೀನಿ. ಮುಂದಿನ ಪವಿತ್ರ ಭೋಜನದ ದಿನ ಇಬ್ಬರಿಗೂ ಪಾಳಿ ಬೇಡ. ಉಳಿದವರ ಹತ್ತಿರ ಹೇಳ್ಕೊಂಡು ತಿರುಗಬೇಡ, ಅಷ್ಟೇ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಕಾಲು ಚಾಚಿ ಕೂತು ಬೆರಳ ಸಂದಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

"ಬರೀ ನಮ್ಮಿಬ್ಬರದಾ?"

"ಹೂಂ."

"ಇಸ್ತ್ರಿಯವಳದು?"

"ಇಲ್ಲ."

ಅವಳು ಇನ್ನೊಂದು ಕೈಗೂ ಎಣ್ಣೆ ತಿಕ್ಕಿದಳು. ಆಮೇಲೆ, "ಓದು. ಓದಿದರೆ ನಿನ್ನ ಬಾಯಿ ಸವೆಯಲ್ಲ" ಎಂದಳು. ನನ್ನ ಮುಖ ನೋಡಲಿಲ್ಲ. ಹದಿನೈದು ತಿಂಗಳ ಹಸಿವು ಅವಳದು. ಅವಳನ್ನು ಹೀಯಾಳಿಸಲು ನಾನು ಯಾರು?

ಅಭ್ಯರ್ಥಿ ದೇವಾಲಯಕ್ಕೆ ಬಂದದ್ದು ಭಾನುವಾರ. ಆ ಬೆಳಿಗ್ಗೆ ಲಾಂಡ್ರಿಯ ಪಾಳಿ ರದ್ದು. ಆಸ್ಪತ್ರೆಯ ಬಟ್ಟೆ ಸಂಜೆ ಹೋದರೂ ನಡೆಯುತ್ತದೆ ಎಂದು ಆ ದಿನ ಎಲ್ಲರಿಗೂ ಗೊತ್ತಾಯಿತು. ಹದಿನೈದು ತಿಂಗಳಲ್ಲಿ ಒಂದು ಸಲವೂ ತಡೆದುಕೊಳ್ಳದ ಆಸ್ಪತ್ರೆ, ಅಭ್ಯರ್ಥಿ ಬರುತ್ತಾರೆಂದರೆ ತಡೆದುಕೊಂಡಿತು.

ಬಾಗಿಲ ಪಕ್ಕ ಕೂರುವ ನಮ್ಮನ್ನು ಸಮಿತಿಯವರು ಎಬ್ಬಿಸಿ ಮುಂದಕ್ಕೆ ತಂದು ಕೂರಿಸಿದರು. ಬಡವರು ಕ್ಯಾಮೆರಾಕ್ಕೆ ಕಾಣಬೇಕಂತೆ. ಪೀಠದ ಮುಂದೆ ಉದ್ದನೆಯ ಮೇಜು. ಅದಕ್ಕೆ ಹೊದಿಸಿದ ಬಿಳಿ ಬಟ್ಟೆ ನಮ್ಮ ಲಾಂಡ್ರಿಯದೇ. ನಡುವೆ ಅಭ್ಯರ್ಥಿ, ಅವರ ಎಡಕ್ಕೆ ಧಣಿ, ಬಲಕ್ಕೆ ಪಾಸ್ಟರ್. ಅಭ್ಯರ್ಥಿ ಕೂರುವ ಮೊದಲು ಮುಂದಿನ ಸಾಲಿಗೆ ಇಳಿದು ಬಂದರು. ಅಮ್ಮನ ಎರಡೂ ಕೈ ಹಿಡಿದುಕೊಂಡರು. "ಈ ಕೈ ನೋಡಿ. ದುಡಿದ ಕೈ. ಈ ಕೈ ಮುಗಿದು ಪ್ರಾರ್ಥಿಸೋಕೆ ಇವತ್ತು ಅನುಮತಿ ಕೇಳಬೇಕಂತೆ." ಫೋಟೋ ಆಯಿತು. ಜನ ಚಪ್ಪಾಳೆ ತಟ್ಟಿದರು.

ನಾನು ಓದಲೆಂದು ಪಕ್ಕದಲ್ಲಿ ನಿಂತಿದ್ದೆ. ಅವರು ಹೋಗಿ ಕೂತದ್ದು ನೋಡಿದೆ. ಮೇಜಿನ ಕೆಳಗೆ ಅಂಗೈ ಚಾಚಿದರು. ಹಿಂದೆ ನಿಂತಿದ್ದ ಸಹಾಯಕ ಬಗ್ಗಿ, ಸಣ್ಣ ಬಾಟಲಿಯಿಂದ ಸ್ಯಾನಿಟೈಜರ್ ಹಿಂಡಿದ. ಅವರು ಬೆರಳು ಬೆರಳಿನ ಸಂದಿಯನ್ನೂ ಉಜ್ಜಿಕೊಂಡರು. ಮುಖದಲ್ಲಿ ನಗು ಹಾಗೇ ಇತ್ತು. ಧಣಿಯೂ ಅದನ್ನು ನೋಡಿದರು, ತಮ್ಮ ಕರವಸ್ತ್ರವನ್ನು ಮೇಜಿನ ಕೆಳಗಿಂದಲೇ ಮುಂದೆ ಮಾಡಿದರು.

ಕೀವು ಕಂಡಿದ್ದೇನೆ. ಹುಳು ಬಿದ್ದ ಬ್ಯಾಂಡೇಜು ಕಂಡಿದ್ದೇನೆ. ಆಗ ಬಾರದ ವಾಕರಿಕೆ ಆ ಬಿಳಿ ಮೇಜಿನ ಕೆಳಗೆ ನೋಡಿದಾಗ ಬಂತು. ನುಂಗಿಕೊಂಡು ಓದಿದೆ.

ಮೂರೂ ಬೇಡಿಕೆ ಓದಿದೆ. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದೆ. ದನಿ ನಡುಗಬೇಕಾದಲ್ಲಿ ನಡುಗಿತು. ಹಿಂದಿನ ಬೆಂಚಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಗೆರೆ ಎಳೆದ ನಾಲ್ಕನೆಯದು ನನ್ನ ಕೈಯ ಹಾಳೆಯಲ್ಲೇ ಇತ್ತು, ಗೆರೆಯ ಕೆಳಗೆ ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು. ಹಾಳೆ ಮಡಿಸಿದೆ.

ಅಭ್ಯರ್ಥಿ ಎದ್ದು ಮೈಕು ಹಿಡಿದರು. ಗೆದ್ದ ಮೊದಲ ವಾರದಲ್ಲೇ ಬೀಗ ತೆಗೆಸುತ್ತೇನೆ ಎಂದರು. ಅಲ್ಲಿಯವರೆಗೆ ನಿಮ್ಮ ದೇವಾಲಯದ ಬಾಗಿಲಿಗೆ ಪೊಲೀಸ್ ಕಾವಲು ಹಾಕಿಸುತ್ತೇನೆ ಎಂದರು. ಆಮೇಲೆ ದನಿ ಏರಿಸಿದರು.

"ಹೆದರಬೇಡಿ. ನಿಮ್ಮಲ್ಲಿ ಯಾರನ್ನಾದ್ರೂ, ಯಾರಾದ್ರೂ, ದೇವಾಲಯಕ್ಕೆ ಹೋಗದ ಹಾಗೆ ತಡೆದಿದ್ದಾರಾ? ಇಲ್ಲೇ ಎದ್ದು ಹೇಳಿ. ನಾನಿದ್ದೀನಿ."

ಭಾಷಣದ ಪ್ರಶ್ನೆ ಅದು. ಅದಕ್ಕೆ ಉತ್ತರ ಕೊಡಬಾರದು, ಚಪ್ಪಾಳೆ ತಟ್ಟಬೇಕು. ಕಾಲೇಜಿನಲ್ಲಿ ಕೂತು ಭಾಷಣ ಕೇಳಿದ ನನಗೆ ಅದು ಗೊತ್ತು. ಅಮ್ಮನಿಗೆ ಗೊತ್ತಿಲ್ಲ. ದೊಡ್ಡವರು ಕೇಳಿದರೆ ಇದ್ದದ್ದು ಹೇಳಬೇಕು ಎಂದು ಕಲಿತವಳು. ಮಂಡಿ ಹಿಡಿದುಕೊಂಡು ಎದ್ದಳು.

"ತಡೆದಿದ್ದಾರೆ ಸಾರ್. ಹದಿನೈದು ತಿಂಗಳಾಯ್ತು."

ಅಭ್ಯರ್ಥಿಯ ಕಣ್ಣು ಹೊಳೆಯಿತು. ಕ್ಯಾಮೆರಾದವನಿಗೆ ಕೈಸನ್ನೆ ಮಾಡಿದರು. "ಕೇಳಿದಿರಾ? ಹದಿನೈದು ತಿಂಗಳು. ಯಾರು ತಾಯಿ? ಎಷ್ಟೇ ದೊಡ್ಡವನಾಗಿರಲಿ. ಹೇಳಿ."

ಅಮ್ಮ ಒಂದು ಸಲ ನನ್ನ ಕಡೆ ನೋಡಿದಳು. ನಾನು ತಲೆಯಲ್ಲಾಡಿಸಿದೆ, ಬೇಡ ಎಂದು. ಅದನ್ನು ಬರೆಯದೆ ಬಿಟ್ಟರೆ ಈ ಕಥೆಗೆ ಅರ್ಥವಿಲ್ಲ. ಬೇಡ ಎಂದೆ.

"ನಿಮ್ಮ ಎಡಗಡೆ ಕೂತವ್ರು ಸಾರ್" ಎಂದಳು ಅಮ್ಮ. "ಭಾನುವಾರ ಪಾಳಿ ಹಾಕಿದ್ದಾರೆ. ಕೇಳಿದ್ರೆ ಬಿಡಲ್ಲ. ಬರ್ಲಿಲ್ಲ ಅಂತ ಹೆಸರು ಹೊಡೆದಿದ್ದಾರೆ. ಒಂಬತ್ತು ಜನದ್ದು. ನೀವೊಂದು ಮಾತು ಹೇಳಿ."

ಅಭ್ಯರ್ಥಿ ಎಡಕ್ಕೆ ನೋಡಿದರು. ಧಣಿ ಅವರ ಕಿವಿಗೆ ಬಗ್ಗಿ ಏನೋ ಹೇಳಿದರು. ತಲೆಯ ಪಕ್ಕದಲ್ಲಿ ಬೆರಳು ತಿರುಗಿಸಿದ್ದು ಎಲ್ಲರಿಗೂ ಕಂಡಿತು. ಅಭ್ಯರ್ಥಿ ನಕ್ಕರು. "ತಾಯಿಗೆ ವಯಸ್ಸಾಗಿದೆ. ಮನೆಯೊಳಗೆ ಅಂದ್ಮೇಲೆ ಸಣ್ಣಪುಟ್ಟ ಮಾತು ಇರತ್ತೆ" ಎಂದರು. ಸಭೆ ನಕ್ಕಿತು. ಮೊದಲ ಬೆಂಚು ಮೊದಲು, ಆಮೇಲೆ ಎರಡನೆಯದು, ಹಾಗೇ ಬಾಗಿಲವರೆಗೆ. ಪಾಸ್ಟರ್ ಎದ್ದು ಹಾಡು ಶುರು ಮಾಡಿದರು. ಎಲ್ಲರೂ ಎದ್ದು ನಿಂತು ಗಟ್ಟಿಯಾಗಿ ಹಾಡಿದರು. ಅಮ್ಮ ಮತ್ತೆ ಏನೋ ಹೇಳುತ್ತಿದ್ದಳು. ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ನಾನೂ ಹಾಡುತ್ತಿದ್ದೆ.

ಸೋಮವಾರ ಗೇಟಿನವನು ಅಮ್ಮನನ್ನು ಒಳಗೆ ಬಿಡಲಿಲ್ಲ. ನನ್ನನ್ನು ಬಿಟ್ಟ. ಧಣಿ ನನ್ನನ್ನು ಕರೆದು, "ನೀನು ಚೆನ್ನಾಗಿ ಓದಿದೆ. ನಿನ್ನ ಮೇಲೆ ನನಗೆ ಕೋಪ ಇಲ್ಲ" ಎಂದರು. ಪಟ್ಟಿಗೆ ಸೇರಿಸುವ ಮಾತು ಎತ್ತಲಿಲ್ಲ. ನಾನು ಥ್ಯಾಂಕ್ಸ್ ಎಂದೆ. ಆ ಪದ ನಾಲಿಗೆಗೆ ಅಂಟಿಕೊಂಡು ವಾರವೆಲ್ಲ ಹೋಗಲಿಲ್ಲ. ಮನೆಯಲ್ಲಿ ಇಬ್ಬರಲ್ಲಿ ಒಬ್ಬರಾದರೂ ದುಡಿಯಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅಮ್ಮನೂ ಅದನ್ನೇ ಹೇಳಿದಳು. ಅವಳು ಹೇಳಿದಾಗ ಅದು ನಿಜವಾಗಿತ್ತು. ನಾನು ಹೇಳಿಕೊಂಡಾಗ ನಾರುತ್ತಿತ್ತು.

ಬಂದ ಭಾನುವಾರ ತಿಂಗಳ ಮೊದಲನೆಯದು. ಮತದಾನಕ್ಕೆ ಇನ್ನು ನಾಲ್ಕು ದಿನ. ನಾನು ಐದೂವರೆಗೆ ಪಾಳಿಗೆ ಹೊರಟೆ. ಅಮ್ಮ ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟು ಕೂತಿದ್ದಳು.

"ಎಲ್ಲಿಗಮ್ಮ?"

"ಕೆಲಸ ಇಲ್ವಲ್ಲ. ಭಾನುವಾರ ಖಾಲಿ ಇದ್ದೀನಿ. ದೇವಾಲಯಕ್ಕೆ ಹೋಗ್ತೀನಿ."

"ಕೊಡಲ್ಲಮ್ಮ ಅವರು. ಎಲ್ಲರ ಮುಂದೆ ಅವಮಾನ ಮಾಡ್ತಾರೆ."

"ಮಾಡ್ಲಿ. ಮನೇಲಿ ಕೂತ್ರೆ ಏನು ಮಾನ ಹೆಚ್ಚತ್ತಾ?"

ಮೇಜಿನ ಮೇಲೆ ಆ ಬೆಳಿಗ್ಗೆ ಸುಟ್ಟಗಾಯದ ವಾರ್ಡಿನ ಗಂಟುಗಳಿದ್ದವು. ಬೆಡ್‌ಶೀಟಿಗೆ ಚರ್ಮ ಅಂಟಿಕೊಂಡಿತ್ತು. ಅಮ್ಮನ ಜಾಗ ಖಾಲಿಯಾದ್ದರಿಂದ ಮೇಸ್ತ್ರಿ ನನ್ನನ್ನೇ ಬಿಚ್ಚಲು ಹಾಕಿದ. ಒಂದೊಂದೇ ಪದರ ಎಳೆದೆ. ಒಂಬತ್ತೂಕಾಲಿಗೆ ಗಡಿಯಾರ ನೋಡಿದೆ. ಒಂಬತ್ತೂವರೆಗೆ ನೋಡಿದೆ. ಈಗ ಅಮ್ಮ ಒಳಗೆ ಹೋಗಿರುತ್ತಾಳೆ. ಈಗ ಯಾರೂ ಅವಳ ಪಕ್ಕ ಕೂರದೆ ಸರಿದಿರುತ್ತಾರೆ. ಹತ್ತೂಕಾಲಿಗೆ ಕೈಗವಸು ಬಿಚ್ಚಿ ಮೇಜಿನ ಮೇಲೆ ಇಟ್ಟೆ.

"ಏಯ್, ಎಲ್ಲಿಗೆ?" ಎಂದ ಮೇಸ್ತ್ರಿ.

"ದೇವಾಲಯಕ್ಕೆ."

"ಈಗ ಹೋದ್ರೆ ನಾಳೆ ಬರಬೇಡ."

"ನಾಳೆ ಸೋಮವಾರ. ಸೋಮವಾರ ನನಗೆ ದೇವಾಲಯ ಇಲ್ಲ" ಎಂದೆ. ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಇಸ್ತ್ರಿ ಅಕ್ಕ ರೋಲರಿನ ಹಬೆಯೊಳಗಿಂದ, "ಹೋಗೇ ಹೋಗು. ನಮ್ಮ ಪಾಲಿಂದೂ ತಿಂದ್ಕೊಂಡು ಬಾ" ಎಂದಳು. ಎರಡು ಮಕ್ಕಳ ಫೀಸು ಕಟ್ಟುವವಳು. ರೋಲರು ಬಿಟ್ಟು ಬರಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಓಡಿದೆ. ದೇವಾಲಯದ ಬಾಗಿಲಲ್ಲಿ ಅಭ್ಯರ್ಥಿ ಹಾಕಿಸಿದ ಕಾವಲು. ಒಬ್ಬ ವಯಸ್ಸಾದ ಪೇದೆ, ಒಬ್ಬ ಹೆಂಗಸು ಪೇದೆ, ಎರಡು ಕುರ್ಚಿ. ನನ್ನ ಮೈಯ ವಾಸನೆಗೆ ಹೆಂಗಸು ಪೇದೆ ಮುಖ ತಿರುಗಿಸಿದಳು. ಒಳಗೆ ಹಾಡು ಇರಲಿಲ್ಲ, ಪಾಸ್ಟರ್ ಉಪದೇಶ ಇರಲಿಲ್ಲ. ಗುಸುಗುಸು ಮಾತ್ರ.

ಅಮ್ಮ ಪೀಠದ ಮುಂದಿನ ಕಟಕಟೆಯ ಹತ್ತಿರ ಮೊಣಕಾಲೂರಿದ್ದಳು. ಒಬ್ಬಳೇ. ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಮುಂದೆ ಚಾಚಿದ್ದಳು, ರೊಟ್ಟಿ ಪಡೆಯುವ ಹಾಗೆ. ಪಾಸ್ಟರ್ ತಟ್ಟೆ ಹಿಡಿದುಕೊಂಡು ಅವಳನ್ನು ದಾಟಿ ಹೋಗಿದ್ದರಂತೆ. ಎರಡು ಸಾಲು ಬಂದು, ತೆಗೆದುಕೊಂಡು, ಎದ್ದು ಹೋಗಿದ್ದರು. ಅಮ್ಮ ಏಳಲಿಲ್ಲ. ಮೂರನೇ ಸಾಲಿಗೆ ಬರಲು ಜನ ಹಿಂಜರಿದು ನಿಂತುಬಿಟ್ಟಿದ್ದರು. ಅವಳನ್ನು ನೋಡುತ್ತಾ ಅಗಿಯುವುದು ಅವರಿಗೂ ಕಷ್ಟವಾಗಿರಬೇಕು.

ಪಾಸ್ಟರ್ ಬಗ್ಗಿ ಮೆಲ್ಲಗೆ ಹೇಳುತ್ತಿದ್ದರು. "ಏಳಮ್ಮ. ಆಮೇಲೆ ಮನೆಗೆ ಬಾ, ಕೂತು ಮಾತಾಡೋಣ."

"ಮಾತು ಬೇಡ ಅಯ್ಯ. ಮಾತು ಬೇಕಾದಷ್ಟಾಯ್ತು. ಒಂದು ಚೂರು ಕೊಡಿ, ಎದ್ದು ಹೋಗ್ತೀನಿ."

ಧಣಿ ಮೊದಲ ಬೆಂಚಿನಿಂದ ಬಂದು ಅವಳ ತೋಳಿಗೆ ಕೈ ಹಾಕಿ ಎಳೆದರು. ನೀರು ಕುಡಿದ ಬೆಡ್‌ಶೀಟುಗಳನ್ನು ಇಪ್ಪತ್ತು ವರ್ಷ ಡ್ರಮ್ಮಿನಿಂದ ಎಳೆದು ಹಾಕಿದ ತೋಳು ಅದು. ಅಲುಗಲಿಲ್ಲ. ಧಣಿಯೇ ಮುಗ್ಗರಿಸಿದರು. ಹಿಂದೆ ಯಾರೋ ಮಗು ನಕ್ಕಿತು, ತಾಯಿ ಅದರ ಬಾಯಿ ಮುಚ್ಚಿದಳು.

ಧಣಿ ಬಾಗಿಲ ಕಡೆ ತಿರುಗಿ ಪೇದೆಗಳನ್ನು ಕರೆದರು. ಪೇದೆ ಬೂಟು ಕಳಚಿ, ಟೋಪಿ ಕಂಕುಳಲ್ಲಿಟ್ಟು ಒಳಗೆ ಬಂದ. ಅವನು ನಮ್ಮ ಧರ್ಮದವನಲ್ಲ. ಆದರೂ ಬೂಟು ಕಳಚಿದ.

"ಇವಳನ್ನ ಹೊರಗೆ ಹಾಕಿ" ಎಂದರು ಧಣಿ.

"ಹೊರಗಿನವರು ಬಂದು ಗಲಾಟೆ ಮಾಡದ ಹಾಗೆ ನೋಡ್ಕೊಳ್ಳಿ ಅಂದಿದ್ದಾರೆ ಸಾರ್ ನಮಗೆ. ಇವರು ಹೊರಗಿನವರಾ?"

"ಸದಸ್ಯಳಲ್ಲ."

"ಏನು ಮಾಡಿದ್ರು?"

"ಕಣ್ಣಿಗೆ ಕಾಣಲ್ವೇನ್ರಿ?"

ಪೇದೆ ನೋಡಿದ. "ಮೊಣಕಾಲೂರಿ ಕೂತಿದ್ದಾರೆ" ಎಂದ. ಅವನಿಗೆ ನಿಜವಾಗಿ ಅರ್ಥವಾಗಿರಲಿಲ್ಲ. "ನೋಡಿ ಸಾರ್, ಚುನಾವಣೆ ಟೈಮು. ವಯಸ್ಸಾದ ಹೆಂಗಸು. ಬಾಯಿಮಾತಿಗೆ ಕೈ ಹಾಕೋಕೆ ಆಗಲ್ಲ. ಏನು ತಪ್ಪು ಅಂತ ಒಂದು ದೂರು ಬರೆದು ಸಹಿ ಹಾಕಿ ಕೊಡಿ. ಎಬ್ಬಿಸ್ತೀವಿ."

ಧಣಿ ಸುತ್ತ ನೋಡಿದರು. ಬಾಗಿಲ ಹತ್ತಿರ ನನ್ನನ್ನು ಕಂಡರು. ಬೆರಳಲ್ಲಿ ಚಿಟಿಕೆ ಹೊಡೆದರು.

"ಬಾ ಇಲ್ಲಿ. ನೀನು ಬರಿ."

ಮಗಳ ಕೈಯಲ್ಲಿ ತಾಯಿಯ ಮೇಲೆ ದೂರು ಬರೆಸುತ್ತಿದ್ದೇನೆ ಎಂಬುದು ಅವರ ತಲೆಗೆ ಬಂದಿರಲಿಕ್ಕಿಲ್ಲ. ಬರೆಯುವ ಕೆಲಸಕ್ಕೆ ನಾನಿದ್ದೇನೆ, ಕರೆದರು. ಕರೆದರೆ ಬರುತ್ತಾಳೆ ಎಂದು ಗೊತ್ತು. ಇಷ್ಟು ದಿನ ಬಂದಿದ್ದೇನೆ.

ಹೋದೆ. ಜನ ದಾರಿ ಬಿಟ್ಟರು. ಮೊದಲ ಬೆಂಚಿನವರು ಮೂಗಿಗೆ ಬಟ್ಟೆ ಹಿಡಿದರು. ಮುಂಗೈ ಮೇಲೆ ಸುಟ್ಟಗಾಯದ ವಾರ್ಡಿನ ಕಲೆ ಹಾಗೇ ಇತ್ತು. ಪೇದೆ ಹಾಳೆ ಕೊಟ್ಟ. ಬೆಂಚಿನ ಮೇಲಿಟ್ಟು ಬರೆದೆ. ಈ ಸಲ ಪದ ಹುಡುಕಬೇಕಾಗಲಿಲ್ಲ. ಬರೆದು, ಎಲ್ಲರಿಗೂ ಕೇಳುವಂತೆ ಓದಿದೆ.

"ಈ ದಿನ ಬೆಳಿಗ್ಗೆ ಆರಾಧನೆಯ ಹೊತ್ತಿನಲ್ಲಿ ಒಬ್ಬ ಹೆಂಗಸು ದೇವಾಲಯಕ್ಕೆ ಬಂದು, ಮೊಣಕಾಲೂರಿ, ಪವಿತ್ರ ಭೋಜನ ಕೇಳುತ್ತಿದ್ದಾಳೆ. ಹದಿನೈದು ತಿಂಗಳು ಪ್ರತಿ ಭಾನುವಾರ ನಾನು ಅವಳನ್ನು ನನ್ನ ಲಾಂಡ್ರಿಯಲ್ಲಿ ದುಡಿಸಿದ್ದೇನೆ. ಅವಳು ಬರಲಿಲ್ಲವೆಂದು ನಾನೇ ಅವಳ ಹೆಸರು ತೆಗೆದಿದ್ದೇನೆ. ಆದ್ದರಿಂದ ಪೊಲೀಸರು ಅವಳನ್ನು ಎತ್ತಿ ಹೊರಗೆ ಹಾಕಬೇಕು. ಇಂತಿ, ಅಧ್ಯಕ್ಷರು, ಧಾರ್ಮಿಕ ಸ್ವಾತಂತ್ರ್ಯ ಸಮಿತಿ."

ಹಾಳೆಯನ್ನೂ ಪೆನ್ನನ್ನೂ ಧಣಿಯ ಮುಂದೆ ಹಿಡಿದೆ. "ಸಹಿ ಹಾಕಿ."

ಅವರ ಕುತ್ತಿಗೆಯ ನರ ಉಬ್ಬಿತು. "ಹೀಗಲ್ಲ ಬರೆಯೋದು."

"ಇದರಲ್ಲಿ ಯಾವುದು ಸುಳ್ಳು ಹೇಳಿ, ಹೊಡೆದುಹಾಕ್ತೀನಿ."

ಪೇದೆ ಧಣಿಯನ್ನು ನೋಡಿದ, ನನ್ನನ್ನು ನೋಡಿದ, ಟೋಪಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದ. ಪಾಸ್ಟರ್ ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು. ತಟ್ಟೆಯಲ್ಲಿ ರೊಟ್ಟಿ ಇನ್ನೂ ಅರ್ಧ ಉಳಿದಿತ್ತು.

ಇನ್ನೊಂದು ಹಾಳೆ ತೆಗೆದೆ. "ಸರಿ. ಇದು ಬೇಡ ಅಂದ್ರೆ ನೀವೇ ಹೇಳಿ. ಏನು ತಪ್ಪು ಮಾಡಿದಳು ಅಂತ ಬರೀಲಿ? ನೀವು ಹೇಳಿದ ಹಾಗೇ ಬರೀತೀನಿ."

ಪೆನ್ನು ಹಾಳೆಯ ಮೇಲಿಟ್ಟು ಕಾದೆ. ಧಣಿ ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದರು. ಇಡೀ ದೇವಾಲಯ ಅವರ ಬಾಯಿಯನ್ನೇ ನೋಡುತ್ತಿತ್ತು.

ಅಮ್ಮ ತಿರುಗಿ ನೋಡಲಿಲ್ಲ. ಚಾಚಿದ ಅಂಗೈ ಹಾಗೇ ಇತ್ತು.

"ಏನೇ, ಬರೆದಾಯ್ತಾ?" ಎಂದಳು.

"ಇಲ್ಲಮ್ಮ. ಏನು ಬರೀಬೇಕು ಅಂತ ಅವರು ಇನ್ನೂ ಯೋಚನೆ ಮಾಡ್ತಿದ್ದಾರೆ."

"ಮಾಡ್ಲಿ, ನಿಧಾನವಾಗಿ ಮಾಡ್ಲಿ" ಎಂದಳು ಅಮ್ಮ. ಭಾರವನ್ನು ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ಸರಿಸಿಕೊಂಡಳು. "ನನಗೇನು ಅವಸರ ಇಲ್ಲ. ಇವತ್ತು ನನಗೆ ಪಾಳಿ ಇಲ್ಲ."